ಮಾರುತಿ 800 ಎಂಜಿನ್ ಮನೆಯಲ್ಲೇ ಬಿಚ್ಚುತ್ತಿದ್ದೇನೆ, ಬಿಸಿಯಾದರೆ ಆಯಿಲ್ ಲೈಟ್ ಮಿಣುಕುತ್ತದೆ (ದಾವಣಗೆರೆ)

ಎಂಟುನೂರು ದಾವಣಗೆರೆ:
ಎಲ್ಲರಿಗೂ ನಮಸ್ಕಾರ. ನಮ್ಮದು 1997ರ ಮಾರುತಿ 800, ಕಾರ್ಬುರೇಟರ್ ಗಾಡಿ. ಅಪ್ಪಾಜಿ ತಗೊಂಡಿದ್ದು. ಅವರು ಇಲ್ಲಿನ ಹತ್ತಿ ಮಿಲ್ಲಿನಲ್ಲಿ ಫಿಟ್ಟರ್ ಆಗಿದ್ದವರು. ಈಗ ಎಪ್ಪತ್ತೈದು ವರ್ಷ, ಆದರೂ ಗಾಡಿಯ ಸದ್ದು ಸ್ವಲ್ಪ ಬದಲಾದರೂ ಒಳಗಿನ ಕೋಣೆಯಿಂದಲೇ ಕೇಳುತ್ತಾರೆ.

ತೊಂದರೆ ಹೀಗಿದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ತಕ್ಷಣ ಆಯಿಲ್ ಲೈಟ್ ಆರುತ್ತದೆ. ಹದಡಿ ರಸ್ತೆಯಲ್ಲಿ ಹತ್ತು ಹದಿನೈದು ಕಿಲೋಮೀಟರ್ ಓಡಿಸಿ, ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಎಲ್ಲಾದರೂ ನಿಲ್ಲಿಸಿದರೆ ಲೈಟ್ ಮಿಣುಕಲು ಶುರು. ಸ್ವಲ್ಪ ಆಕ್ಸಿಲರೇಟರ್ ಕೊಟ್ಟರೆ ಆರುತ್ತದೆ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಸರಿಯಾಗೇ ಇದೆ. ಎರಡು ವರ್ಷದ ಹಿಂದೆ ಒಂದು ಗ್ಯಾರೇಜ್‌ನಲ್ಲಿ ಹಾಫ್ ಎಂಜಿನ್ ಮಾಡಿಸಿದ್ದೆವು. ರಿಂಗ್, ಬೇರಿಂಗ್, ಪ್ಯಾಕಿಂಗ್ ಎಲ್ಲ ಹೊಸದು ಅಂದಿದ್ದರು. ಆಮೇಲೆ ಓಡಿರುವುದು ಹನ್ನೊಂದು ಸಾವಿರ ಕಿಲೋಮೀಟರ್ ಅಷ್ಟೇ.

ಈ ಸಲ ಮನೆಯಲ್ಲೇ ಬಿಚ್ಚೋಣ ಅಂತ ಅಪ್ಪಾಜಿ ಹೇಳುತ್ತಿದ್ದಾರೆ. ನಾನು ಬ್ಯಾಂಕ್ ನೌಕರ. ಟೂಲ್ಸ್ ಹಿಡಿದು ಅಭ್ಯಾಸ ಇದೆ, ಆದರೆ ಎಂಜಿನ್ ಪೂರ್ತಿ ಬಿಚ್ಚಿದವನಲ್ಲ. ಶುರು ಮಾಡುವ ಮೊದಲು ಏನೇನು ನೋಡಬೇಕು, ತಿಳಿದವರು ಹೇಳಿ.

ಹೊನ್ನಾಳಿ ಟ್ರ್ಯಾಕ್ಟರ್:
ಅಣ್ಣಾ, ಮೊದಲು ಆಯಿಲ್ ಬದಲಾಯಿಸಿ ನೋಡಿ. 20ಡಬ್ಲ್ಯೂ-40 ಇದ್ದರೆ 20ಡಬ್ಲ್ಯೂ-50 ಹಾಕಿ. ನಮ್ಮ ಹಳೇ ಅಂಬಾಸಿಡರ್‌ಗೂ ಹಿಂಗೇ ಆಗಿತ್ತು. ದಪ್ಪ ಆಯಿಲ್ ಹಾಕಿದ ಮೇಲೆ ಲೈಟ್ ಬರಲಿಲ್ಲ. ಎರಡು ಸುಗ್ಗಿ ಓಡಿಸಿದೆವು.

ಗ್ಯಾರೇಜ್ ಹುಡುಗ:
ಆಯಿಲ್ ಸ್ವಿಚ್ ಹೋಗಿರಬಹುದು ಸರ್. ಕಡಿಮೆ ದುಡ್ಡಿನ ಕೆಲಸ, ಮೊದಲು ಅದನ್ನು ಬದಲಾಯಿಸಿ.

ಲೇತ್ ಮನೆ ಹರಿಹರ:
ಸ್ವಿಚ್ ಬದಲಾಯಿಸಬೇಡಿ, ಆಯಿಲ್ ಕೂಡ ಬದಲಾಯಿಸಬೇಡಿ. ಮೊದಲು ಅಳತೆ ಮಾಡಿ. ಆ ಸ್ವಿಚ್ ಬಿಚ್ಚಿದ ಜಾಗಕ್ಕೇ ಅಡಾಪ್ಟರ್ ಹಾಕಿ ಒಂದು ಮೆಕ್ಯಾನಿಕಲ್ ಪ್ರೆಶರ್ ಗೇಜ್ ಕೂರಿಸಿ. ಡ್ಯಾಶ್‌ಬೋರ್ಡಿನ ಲೈಟ್ ಹತ್ತುವುದು ಪ್ರೆಶರ್ ಸುಮಾರು 0.3 ಕೆಜಿಗೆ (ಒಂದು ಚದರ ಸೆಂಟಿಮೀಟರ್ ಮೇಲೆ ಬೀಳುವ ಒತ್ತಡ) ಇಳಿದ ಮೇಲೆ. ಅಂದರೆ ಅದು ಮಿಣುಕಿತು ಅಂದರೆ ಬೇರಿಂಗ್ ಆಗಲೇ ಕಷ್ಟದಲ್ಲಿದೆ. 1 ಕೆಜಿ ಇದ್ದಾಗಲೂ ಲೈಟ್ ಆರಿಯೇ ಇರುತ್ತದೆ, 4 ಕೆಜಿ ಇದ್ದಾಗಲೂ ಆರಿಯೇ ಇರುತ್ತದೆ. ನಡುವೆ ಏನಾಗುತ್ತಿದೆ ಅಂತ ಅದು ಹೇಳುವುದೇ ಇಲ್ಲ.

ತಣ್ಣಗಿದ್ದಾಗ ಐಡಲ್ (ಆಕ್ಸಿಲರೇಟರ್ ಕೊಡದೆ ಎಂಜಿನ್ ಓಡುವುದು), ಬಿಸಿಯಾದಾಗ ಐಡಲ್, ಬಿಸಿಯಾದಾಗ ಮೂರು ಸಾವಿರ ಆರ್‌ಪಿಎಂ. ಈ ಮೂರು ರೀಡಿಂಗ್ ಬರೆದು ಇಲ್ಲಿ ಹಾಕಿ. ಸೂಜಿ ನಿಂತಿರುತ್ತದೋ ನಡುಗುತ್ತದೋ ಅದನ್ನೂ ನೋಡಿ.

ಎಂಟುನೂರು ದಾವಣಗೆರೆ:
ಗೇಜ್ ತಂದು ಹಾಕಿದೆ ಸರ್. ತಣ್ಣಗಿದ್ದಾಗ ಐಡಲ್‌ನಲ್ಲಿ 2.5 ಕೆಜಿ. ಬಿಸಿಯಾದ ಮೇಲೆ ಐಡಲ್‌ನಲ್ಲಿ 0.4, ಒಮ್ಮೊಮ್ಮೆ ಅದಕ್ಕಿಂತಲೂ ಕೆಳಗೆ. ಮೂರು ಸಾವಿರಕ್ಕೆ ಏರಿಸಿದರೆ 1.8ರ ತನಕ ಹೋಗುತ್ತದೆ. ಅಲ್ಲೇ ಹಿಡಿದುಕೊಂಡಿದ್ದರೆ ಸೂಜಿ ನಡುಗಿ ನಡುಗಿ 1.4ಕ್ಕೆ ಇಳಿಯುತ್ತದೆ.

ಫಿಸಿಕ್ಸ್ ಮೇಡಂ ಚಿತ್ರದುರ್ಗ:
ನಾನು ಮೆಕ್ಯಾನಿಕ್ ಅಲ್ಲ, ಪಿಯು ಮಕ್ಕಳಿಗೆ ಪಾಠ ಮಾಡುವವಳು. ಆದರೆ ನಮ್ಮನೆ ಗಾಡಿ ರಿಪೇರಿ ಆಗುವಾಗ ಪಕ್ಕದಲ್ಲೇ ನಿಂತು ನೋಡುವ ಅಭ್ಯಾಸ ನನಗಿದೆ. ನಿಮ್ಮ ರೀಡಿಂಗ್‌ನಲ್ಲಿ ಎರಡು ಬೇರೆ ಬೇರೆ ವಿಷಯ ಇವೆ ಅನಿಸುತ್ತದೆ.

ಪಂಪ್ ಮಾಡುವುದು ಪ್ರೆಶರ್ ಅಲ್ಲ. ಅದು ಆಯಿಲ್ ದೂಡುತ್ತದೆ, ಅಷ್ಟೇ. ದಾರಿಯಲ್ಲಿ ಅಡ್ಡಿ ಇದ್ದಾಗ ಪ್ರೆಶರ್ ಹುಟ್ಟುತ್ತದೆ. ತೋಟದ ಪೈಪಿನ ಬಾಯಿಗೆ ಬೆರಳು ಅಡ್ಡ ಇಟ್ಟ ಹಾಗೆ. ಬೇರಿಂಗ್ ಮತ್ತು ಅದರೊಳಗೆ ತಿರುಗುವ ಕ್ರ್ಯಾಂಕ್ ಶಾಫ್ಟ್ ನಡುವಿನ ಸಣ್ಣ ಸಂದೇ ಆ ಬೆರಳು. ಸವೆದು ಸಂದು ದೊಡ್ಡದಾದರೆ ಆಯಿಲ್ ಸಲೀಸಾಗಿ ಸೋರಿ ಕೆಳಗೆ ಬೀಳುತ್ತದೆ. ಬಿಸಿಯಾದಾಗ ಆಯಿಲ್ ತೆಳ್ಳಗಾಗುತ್ತದೆ, ಐಡಲ್‌ನಲ್ಲಿ ಪಂಪ್ ನಿಧಾನ. ಎರಡೂ ಸೇರಿದಾಗ ಪ್ರೆಶರ್ ನೆಲ ಕಚ್ಚುತ್ತದೆ. ನಿಮ್ಮ 0.4ಕ್ಕೆ ಇದು ಕಾರಣ ಇರಬಹುದು.

ಆದರೆ ಸವೆತ ಮಾತ್ರ ಆಗಿದ್ದರೆ ವೇಗ ಹೆಚ್ಚಿಸಿದಾಗ ಪ್ರೆಶರ್ ಏರಿ ನಿಲ್ಲಬೇಕಿತ್ತು. ನಿಮ್ಮದು ಏರಿ ಇಳಿಯುತ್ತಿದೆ, ನಡುಗುತ್ತಿದೆ. ಅಂದರೆ ಪಂಪ್ ಕೇಳಿದಷ್ಟು ಆಯಿಲ್ ಅದಕ್ಕೆ ಸಿಗುತ್ತಿಲ್ಲ, ಅಥವಾ ಆಯಿಲ್ ಜೊತೆ ಗಾಳಿ ಹೋಗುತ್ತಿದೆ. ಚೇಂಬರ್ (ಎಂಜಿನ್ ಅಡಿಯ ಆಯಿಲ್ ತೊಟ್ಟಿ) ಒಳಗೆ ಹೀರುವ ಕಡೆ ಏನೋ ಇದೆ.

ಲೇತ್ ಮನೆ ಹರಿಹರ:
ಮೇಡಂ ಹೇಳಿದ್ದೇ ಸರಿ. ಚೇಂಬರ್ ಇಳಿಸಿ ಸ್ಟ್ರೈನರ್ (ಪಂಪ್ ಆಯಿಲ್ ಹೀರುವ ಬಾಯಿಯ ಜಾಲರಿ) ನೋಡಿ. ಇನ್ನು ಗಾಡಿ ಓಡಿಸಬೇಡಿ.

ಹೊನ್ನಾಳಿ ತಮ್ಮಂಗೆ ಒಂದು ಮಾತು. 100 ಡಿಗ್ರಿ ಬಿಸಿಯಲ್ಲಿ 40 ನಂಬರ್ ಆಯಿಲ್‌ನ ದಪ್ಪ 12.5ರಿಂದ 16.3 ಸೆಂಟಿಸ್ಟೋಕ್ ಒಳಗಿರುತ್ತದೆ. 50 ನಂಬರ್‌ದು 16.3ರಿಂದ 21.9. ಅದಕ್ಕೇ ಸೂಜಿ ಮೇಲೇರುತ್ತದೆ. ಆದರೆ ಸ್ಟ್ರೈನರ್ ಕಟ್ಟಿಕೊಂಡಿದ್ದರೆ ದಪ್ಪ ಆಯಿಲ್ ಇನ್ನೂ ಕಷ್ಟಪಟ್ಟು ಒಳಗೆ ಹೋಗುತ್ತದೆ. ಲೈಟ್ ಆರುತ್ತದೆ, ಬೇರಿಂಗ್ ಸಾಯುತ್ತದೆ.

ಹೊನ್ನಾಳಿ ಟ್ರ್ಯಾಕ್ಟರ್:
ಅಂಬಾಸಿಡರ್ ಆಮೇಲೆ ಕ್ರ್ಯಾಂಕ್ ಸೀಸ್ ಆಗಿಯೇ ನಿಂತಿದ್ದು. ಅದಕ್ಕೂ ಇದಕ್ಕೂ ಸಂಬಂಧ ಇದೆ ಅಂತ ಯೋಚಿಸಿರಲಿಲ್ಲ.

ಎಂಟುನೂರು ದಾವಣಗೆರೆ:
ಭಾನುವಾರ ಚೇಂಬರ್ ಇಳಿಸಿದೆವು. ನೋಡಿದ್ದನ್ನು ಹಾಗೇ ಬರೆಯುತ್ತೇನೆ.

ಸ್ಟ್ರೈನರ್ ಜಾಲರಿಯ ಮೇಲೆ ಬೂದು ಬಣ್ಣದ ರಬ್ಬರ್ ತುಂಡುಗಳು. ಶಾವಿಗೆ ಎಳೆ ಕತ್ತರಿಸಿ ಹಾಕಿದ ಹಾಗಿದ್ದವು. ಒಂದನ್ನು ಎಳೆದರೆ ಇನ್ನೊಂದು ಅಂಟಿಕೊಂಡು ಬಂತು. ಜಾಲರಿಯ ಅರ್ಧಕ್ಕಿಂತ ಜಾಸ್ತಿ ಮುಚ್ಚಿಹೋಗಿತ್ತು. ಅಪ್ಪಾಜಿ ಒಂದು ತುಂಡನ್ನು ಬೆರಳಲ್ಲಿ ಉಜ್ಜಿ ನೋಡಿ, "ಇದು ಪ್ಯಾಕಿಂಗ್ ಗಮ್" ಅಂದರು. ಚೇಂಬರ್ ಅಂಚು ನೋಡಿದರೆ ಹೊರಗೆ ಎಷ್ಟು ಗಮ್ ಹಿಂಡಿ ಬಂದಿದೆಯೋ ಒಳಗೂ ಅಷ್ಟೇ ಹಿಂಡಿ ಬಂದಿದೆ. ಒಳಗಿನದು ಬಿಸಿ ಆಯಿಲ್‌ನಲ್ಲಿ ನೆಂದು, ಕಳಚಿ, ಸ್ಟ್ರೈನರ್ ಬಾಯಿಗೆ ಹೋಗಿ ಕೂತಿದೆ.

ಸ್ಟ್ರೈನರ್ ಪೈಪ್ ಪಂಪಿಗೆ ಸೇರುವ ಕಡೆ ಒ-ರಿಂಗ್ ಇದೆ. ಅದು ಗಟ್ಟಿಯಾಗಿ ಚಪ್ಪಟೆ ಆಗಿತ್ತು. ಉಗುರಿನಲ್ಲಿ ಒತ್ತಿದರೆ ಪಟ್ಟನೆ ಮುರಿಯಿತು. ಹಾಫ್ ಎಂಜಿನ್ ಮಾಡಿದಾಗ ಅದನ್ನು ಬದಲಾಯಿಸಿಲ್ಲ.

ಆಮೇಲೆ ಮೂರನೇ ಸಿಲಿಂಡರ್‌ನ ಬಿಗ್ ಎಂಡ್ (ಪಿಸ್ಟನ್ ರಾಡ್ ಕ್ರ್ಯಾಂಕ್ ಹಿಡಿಯುವ ತುದಿ) ಕ್ಯಾಪ್ ತೆಗೆದೆವು. ಬೇರಿಂಗ್ ಶೆಲ್ (ಅರ್ಧ ಬಳೆಯಂಥ ತೆಳು ಬೇರಿಂಗ್) ಮೇಲೆ ಬೂದು ಪದರ ಇರಬೇಕಿದ್ದ ಕಡೆ ತಾಮ್ರದ ಬಣ್ಣ ಕಾಣುತ್ತಿದೆ. ನಡುವೆ ಎರಡು ಗೀರು. ಕ್ರ್ಯಾಂಕ್ ಮೇಲೆ ಉಗುರು ಆಡಿಸಿದರೆ ಅದೇ ಗೀರಿಗೆ ಉಗುರು ಸಿಕ್ಕಿಕೊಳ್ಳುತ್ತದೆ. ಅಪ್ಪಾಜಿ ಬಹಳ ಹೊತ್ತು ಮಾತಾಡಲಿಲ್ಲ.

ಎಂಜಿನ್ ಕೆಳಗೆ ಇಳಿಸಲೇಬೇಕು ಅಲ್ವಾ?

ಲೇತ್ ಮನೆ ಹರಿಹರ:
ಇಳಿಸಲೇಬೇಕು. ಉಗುರು ಸಿಕ್ಕಿಕೊಂಡರೆ ಆ ಜರ್ನಲ್ (ಕ್ರ್ಯಾಂಕ್‌ನಲ್ಲಿ ಬೇರಿಂಗ್ ಕೂರುವ ದುಂಡು ಭಾಗ) ಗ್ರೈಂಡಿಂಗ್‌ಗೆ ಹೋಗಬೇಕು. ಹೊಸ ಶೆಲ್ ಮಾತ್ರ ಹಾಕಿ ಮುಚ್ಚಿದರೆ ಗೀರು ಶೆಲ್ಲನ್ನು ತಿಂದುಹಾಕುತ್ತದೆ.

ಗ್ಯಾರೇಜ್ ಹುಡುಗ:
ಎತ್ತಲು ಏನು ಮಾಡ್ತೀರಾ ಸರ್? ಪೋರ್ಟಿಕೋ ಗ್ರಿಲ್‌ಗೆ, ಶೀಟ್ ಹಾಕಿದ ಪೈಪಿಗೆ ಕಟ್ಟಬೇಡಿ. ನೋಡಲು ಸಣ್ಣ ಎಂಜಿನ್, ಆದರೆ ಕಾಲ ಮೇಲೆ ಬಿದ್ದರೆ ಕಾಲು ಉಳಿಯಲ್ಲ.

ಎಂಟುನೂರು ದಾವಣಗೆರೆ:
ನಮ್ಮ ಬೀದಿಯಲ್ಲಿ ಬೋರ್‌ವೆಲ್ ಮೋಟರ್ ಎತ್ತುವವರು ಒಬ್ಬರಿದ್ದಾರೆ. ಅವರ ಮೂರು ಕಾಲಿನ ಪೈಪ್ ಸ್ಟ್ಯಾಂಡ್ ಮತ್ತು ಚೈನ್ ಬ್ಲಾಕ್ ಕೇಳಿದೆ. ನೂರಾರು ಅಡಿ ಪೈಪು, ಮೋಟರು ಎಳೆಯುವ ಸಾಮಾನು ಅದು. ಅವರೇ ಬಂದು ನಿಂತು ಎತ್ತಿಸಿಕೊಟ್ಟರು, ಒಂದು ಗಂಟೆ ಕೆಲಸ. ದುಡ್ಡು ಬೇಡ ಅಂದರು. ಟೀ ಮತ್ತು ಮಿರ್ಚಿ ಮಂಡಕ್ಕಿ ಮಾತ್ರ ಒಪ್ಪಿಕೊಂಡರು.

ಎಂಜಿನ್ ಈಗ ಪೋರ್ಟಿಕೋದಲ್ಲಿ ಹಳೇ ಲಾರಿ ಟೈರ್ ಮೇಲೆ ಕೂತಿದೆ. ಮೂರು ಸಿಲಿಂಡರ್, ಕ್ರ್ಯಾಂಕ್ ಹೊರುವ ನಾಲ್ಕು ಮೇನ್ ಬೇರಿಂಗ್, 796 ಸಿಸಿ. ಬಿಚ್ಚಿದ ಪ್ರತಿ ಕ್ಯಾಪ್ ಯಾವ ನಂಬರ್, ಯಾವ ಕಡೆ ಮುಖ ಅಂತ ಅಪ್ಪಾಜಿ ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಿದ್ದಾರೆ. ಅಮ್ಮ ಉಪ್ಪಿನಕಾಯಿ ಡಬ್ಬಿಗಳನ್ನು ಕೊಟ್ಟಿದ್ದಾರೆ, ಒಂದೊಂದು ಜಾಗದ ಬೋಲ್ಟ್‌ಗೆ ಒಂದೊಂದು ಡಬ್ಬಿ.

ಲೇತ್ ಮನೆ ಹರಿಹರ:
ರಾಕರ್ ಶಾಫ್ಟ್ (ವಾಲ್ವ್ ಒತ್ತುವ ರಾಕರ್‌ಗಳು ಕೂರುವ ಸರಳು) ಎರಡಕ್ಕೂ ಹೀಗೇ ಗುರುತು ಹಾಕಿ. ಯಾವುದು ಎಲ್ಲಿತ್ತು, ಯಾವ ತುದಿ ಬೆಲ್ಟ್ ಕಡೆಗಿತ್ತು ಅಂತ ಫೋಟೋ ತೆಗೆದಿಡಿ. ನೋಡಲು ಒಂದೇ ಥರ ಇರುತ್ತವೆ. ತಿರುಗಿಸಿ ಹಾಕಿದರೆ ಹೆಡ್‌ಗೆ ಆಯಿಲ್ ಸರಿಯಾಗಿ ಹೋಗದೆ ಒದ್ದಾಡಬೇಕಾಗುತ್ತದೆ.

ಕ್ರ್ಯಾಂಕ್ ತಗೊಂಡು ಯಾವುದಾದರೂ ಒಳ್ಳೆ ಗ್ರೈಂಡಿಂಗ್ ಶಾಪ್‌ಗೆ ಹೋಗಿ. ನಮ್ಮ ಹರಿಹರ ಲೇತ್ ಮಾಡಿದ ಊರು. ಇಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಲೇತ್‌ಗಳು ದೇಶದ ಎಷ್ಟೋ ವರ್ಕ್‌ಶಾಪ್‌ಗಳಲ್ಲಿ ಈಗಲೂ ತಿರುಗುತ್ತಿವೆ. ಕಾರ್ಖಾನೆ ಮುಚ್ಚಿತು, ಆದರೆ ಅಲ್ಲಿ ಕೈ ಪಳಗಿದವರು ಊರಲ್ಲಿದ್ದಾರೆ. ಮೈಕ್ರೋಮೀಟರ್ ಹಿಡಿಯುವ ರೀತಿಯಲ್ಲೇ ಗೊತ್ತಾಗುತ್ತದೆ. ಒಂದು ಜರ್ನಲ್‌ಗೆ ಎರಡು ಕಡೆ, ಅಡ್ಡ ಉದ್ದ ಹಿಡಿದು ಅಳೆಯುವವರಿಗೆ ಕೆಲಸ ಕೊಡಿ. ಒಂದೇ ಸಲ ಹಿಡಿದು "0.25 ಹೊಡೆಯೋಣ" ಅನ್ನುವವರಿಗೆ ಬೇಡ.

ಎಂಟುನೂರು ದಾವಣಗೆರೆ:
ಹಾಗೇ ಒಬ್ಬ ಹಿರಿಯರು ಸಿಕ್ಕರು. ಮೂರನೇ ಬಿಗ್ ಎಂಡ್ ಜರ್ನಲ್ ಅಡ್ಡಕ್ಕೂ ಉದ್ದಕ್ಕೂ 0.03 ಮಿಮೀ ವ್ಯತ್ಯಾಸ, ಅಂದರೆ ದುಂಡಗಿಲ್ಲ. ಉಳಿದವು ಪರವಾಗಿಲ್ಲ. ಆದರೂ ಬಿಗ್ ಎಂಡ್ ಮೂರನ್ನೂ 0.25 ಮಿಮೀ ಅಂಡರ್‌ಸೈಜ್ (ಅಷ್ಟು ಸಣ್ಣದಾಗಿ ಗ್ರೈಂಡಿಂಗ್) ಮಾಡಿಸಿದೆ. ಮೇನ್ ಜರ್ನಲ್‌ಗೆ ಪಾಲಿಶ್ ಮಾತ್ರ. ಸಿಲಿಂಡರ್ ಸವೆತ ಮಿತಿಯ ಒಳಗಿತ್ತು, ಹೋನಿಂಗ್ (ಒಳಗೋಡೆಯನ್ನು ಕಲ್ಲಿನಿಂದ ಸಣ್ಣಗೆ ಉಜ್ಜುವುದು) ಮಾಡಿ ಹೊಸ ರಿಂಗ್ ಹಾಕಿದರೆ ಸಾಕು ಅಂದರು.

ಲೇತ್ ಮನೆ ಹರಿಹರ:
ಈಗ ಬಹಳ ಮುಖ್ಯವಾದ ಕೆಲಸ. ಕ್ರ್ಯಾಂಕ್ ಒಳಗೆ ತೂತುಗಳಿವೆ. ಮೇನ್ ಬೇರಿಂಗ್‌ಗೆ ಬಂದ ಆಯಿಲ್ ಆ ತೂತಿನಿಂದಲೇ ಬಿಗ್ ಎಂಡ್‌ಗೆ ಹೋಗುವುದು. ಗ್ರೈಂಡಿಂಗ್ ಮಾಡಿದಾಗ ಕಲ್ಲಿನ ಪುಡಿ, ಕಬ್ಬಿಣದ ಪುಡಿ ಎಲ್ಲ ಆ ತೂತಿನಲ್ಲೇ ಕೂರುತ್ತದೆ. ಮೇಲಿಂದ ಒರೆಸಿದರೆ ಹೋಗಲ್ಲ. ಹೊಸ ಬೇರಿಂಗ್ ಹಾಕಿ ಸ್ಟಾರ್ಟ್ ಮಾಡಿದ ಮೊದಲ ನಿಮಿಷದಲ್ಲೇ ಆ ಪುಡಿ ಹೊರಬಂದು ಶೆಲ್ ಗೀರಿಬಿಡುತ್ತದೆ. "ಹೊಸ ಬೇರಿಂಗ್ ಕಳಪೆ" ಅಂತ ಅಂಗಡಿಯವನಿಗೆ ಬೈಯುತ್ತಾರೆ. ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕ ಇಲ್ಲ.

ತೂತಿನ ಬಾಯಿ ಅಂಚನ್ನೂ ನೋಡಿ. ಚೂಪಾಗಿ ಇರಬಾರದು. ಸಣ್ಣ ಎಮರಿ ಹಿಡಿದು ನಯ ಮಾಡಿ, ಆಮೇಲೆ ತೊಳೆಯಿರಿ.

ಎಂಟುನೂರು ದಾವಣಗೆರೆ:
ಇದಕ್ಕೇ ನಮ್ಮ ಎರಡು ದಿನ ಹೋಯಿತು. ಸ್ಟೀಲ್ ಸ್ಟ್ರಾ ತೊಳೆಯಲು ಬರುತ್ತದಲ್ಲ, ಸಣ್ಣ ನೈಲಾನ್ ಬ್ರಷ್, ಅದು ಕ್ರ್ಯಾಂಕ್ ತೂತಿಗೆ ಸರಿಯಾಗಿ ಹೊಂದುತ್ತದೆ. ಸೀಮೆಎಣ್ಣೆ ಸಿಗಲಿಲ್ಲ, ಡೀಸೆಲ್‌ನಲ್ಲಿ ಅದ್ದಿ ಅದ್ದಿ ಉಜ್ಜಿದೆ. ಪಂಕ್ಚರ್ ಅಂಗಡಿಗೆ ಹೊತ್ತುಕೊಂಡು ಹೋಗಿ ಗಾಳಿ ಹೊಡೆಸಿದೆ. ಕಣ್ಣಿಗೆ ಕನ್ನಡಕ ಹಾಕಿಕೊಂಡಿದ್ದು ಒಳ್ಳೆಯದಾಯಿತು. ಎದುರಿನ ತೂತಿನಿಂದ ಕಪ್ಪು ಕೆಸರು ಚಿಮ್ಮಿ ಬಂತು. ಮೂರು ಸಲ ಹೀಗೆ ಮಾಡಿದ ಮೇಲೆ ಬಿಳಿ ಬಟ್ಟೆ ಹಿಡಿದರೆ ಬಿಳಿಯಾಗೇ ಉಳಿಯಿತು. ಬ್ಲಾಕ್‌ನ ಆಯಿಲ್ ಗ್ಯಾಲರಿ (ಆಯಿಲ್ ಹರಿಯುವ ದಾರಿ) ಪ್ಲಗ್‌ಗಳನ್ನೂ ಬಿಚ್ಚಿ ಹೀಗೇ ಮಾಡಿದೆವು. ಅಲ್ಲೂ ಎರಡು ಗಮ್ ತುಂಡು ಸಿಕ್ಕವು! ಸ್ಟ್ರೈನರ್ ದಾಟಿ ಅಲ್ಲಿ ತನಕ ಹೋಗಿವೆ ಅಂದರೆ ನೋಡಿ.

ಸಿಲಿಂಡರ್ ತೊಳೆಯುವಾಗ ಅಪ್ಪಾಜಿ ಡೀಸೆಲ್ ಬೇಡ ಅಂದರು. ಹೋನಿಂಗ್ ಕಲ್ಲಿನ ಪುಡಿ ಆ ಸಣ್ಣ ಗೆರೆಗಳಲ್ಲಿ ಕೂತಿರುತ್ತದೆ, ಡೀಸೆಲ್‌ಗೆ ಅದು ಎದ್ದು ಬರಲ್ಲ. ಬಿಸಿ ನೀರು, ಸೋಪಿನ ಪುಡಿ, ಬ್ರಷ್. ಒರೆಸಿದ ಬಟ್ಟೆ ಬೂದು ಬಣ್ಣ ಬಿಡುವುದು ನಿಲ್ಲುವ ತನಕ ತೊಳೆದೆವು. ಒಣಗಿದ ಕೂಡಲೇ ಆಯಿಲ್ ಸವರಿದೆವು, ಇಲ್ಲದಿದ್ದರೆ ಹತ್ತೇ ನಿಮಿಷದಲ್ಲಿ ತುಕ್ಕು.

ಮಿಲ್ಲಿನಲ್ಲಿದ್ದಾಗ ಸ್ಪಿಂಡಲ್ ಬೇರಿಂಗ್ ಹತ್ತಿರ ಹತ್ತಿಯ ಎಳೆ ಬಂದರೆ ಎಣ್ಣೆ ಹೀರಿಕೊಂಡು ಬೇರಿಂಗ್ ಒಣಗಿಸುತ್ತಿತ್ತಂತೆ. ಅದಕ್ಕೇ ಬನಿಯನ್ ವೇಸ್ಟ್ ಮುಟ್ಟಲೇ ಬಿಡಲಿಲ್ಲ. ಎಳೆ ಬಿಡದ ಹಳೇ ಪಂಚೆ ಕೊಟ್ಟರು. ಈ ಊರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಯುತ್ತಿದ್ದ ಕಾಲದ ಕೆಲಸ ಅವರ ಕೈಯಲ್ಲಿ ಇನ್ನೂ ಇದೆ. ನನಗೆ ಇಷ್ಟು ವರ್ಷ ಅದನ್ನು ಕೂತು ನೋಡುವ ಅವಕಾಶ ಸಿಕ್ಕಿರಲಿಲ್ಲ.

ಫಿಸಿಕ್ಸ್ ಮೇಡಂ ಚಿತ್ರದುರ್ಗ:
ನಿಮ್ಮ ಅಪ್ಪಾಜಿಯವರಿಗೆ ನನ್ನ ನಮಸ್ಕಾರ ತಿಳಿಸಿ. ಅವರಿಗೆ ಒಂದು ಪ್ರಶ್ನೆ: ಪಂಪ್ ನೋಡಿದರಾ?

ಎಂಟುನೂರು ದಾವಣಗೆರೆ:
ನೋಡಿದೆವು ಮೇಡಂ. ಈ ಎಂಜಿನ್‌ನಲ್ಲಿ ಪಂಪ್ ಮುಂದುಗಡೆ, ಕ್ರ್ಯಾಂಕ್ ಮೂತಿಯಲ್ಲೇ ತಿರುಗುತ್ತದೆ. ಒಳಗೆ ಒಂದು ರೋಟರ್, ಅದರ ಸುತ್ತ ಇನ್ನೊಂದು. ಅಂಚುಪಟ್ಟಿ ಅಡ್ಡ ಇಟ್ಟು ಫಿಲರ್ ಗೇಜ್ ತೂರಿಸಿದರೆ 0.18 ಮಿಮೀ ಹೋಯಿತು. ಪುಸ್ತಕದ ಮಿತಿ 0.15. ರೋಟರ್ ಮುಖದಲ್ಲೂ ಗೀರು. ಪಂಪ್ ಹೊಸದೇ ತಂದೆ. 800 ಮಾರಾಟ 1983ರ ಡಿಸೆಂಬರ್‌ನಿಂದ 2014ರ ತನಕ ನಡೆದಿದ್ದರಿಂದ ಸಾಮಾನು ಇನ್ನೂ ಸಿಗುತ್ತಿವೆ, ಅದೇ ಪುಣ್ಯ.

ಹಳೇ ಪಂಪಿನ ರಿಲೀಫ್ ವಾಲ್ವ್ (ಪ್ರೆಶರ್ ಮಿತಿ ಮೀರಿದರೆ ತೆರೆಯುವುದು) ಕೂಡ ಬಿಚ್ಚಿ ನೋಡಿದೆ. ಪಿಸ್ಟನ್ ತನ್ನ ಭಾರಕ್ಕೇ ಜಾರಬೇಕು, ಇದು ಅರ್ಧಕ್ಕೆ ನಿಲ್ಲುತ್ತಿತ್ತು.

ಲೇತ್ ಮನೆ ಹರಿಹರ:
ಅದು ಅರ್ಧ ತೆರೆದು ನಿಂತರೆ ಪಂಪ್ ದೂಡಿದ ಆಯಿಲ್ ಬೇರಿಂಗ್‌ಗೆ ಹೋಗದೆ ವಾಪಸ್ ಬಂದುಬಿಡುತ್ತದೆ. ಹೊಸ ಪಂಪಿನದನ್ನೂ ಬಿಚ್ಚಿ ತೊಳೆದು ಹಾಕಿ. ಹೊಸದು ಅಂತ ನಂಬಬೇಡಿ.

ಗ್ಯಾರೇಜ್ ಹುಡುಗ:
ಮೇನ್ ಬೇರಿಂಗ್ ಶೆಲ್ ಹಾಕುವಾಗ ಹುಷಾರು ಸರ್. ಗ್ರೂವ್ ಇರುವ ಅರ್ಧ ಬ್ಲಾಕ್ ಕಡೆಗೆ, ಗ್ರೂವ್ ಇಲ್ಲದ ಅರ್ಧ ಕ್ಯಾಪ್ ಕಡೆಗೆ. ನಾನು ಕೆಲಸ ಕಲಿಯುವಾಗ ಒಂದು ಜಾಗದಲ್ಲಿ ಅದಲುಬದಲು ಹಾಕಿದ್ದೆ. ಆಯಿಲ್ ಬರುವ ತೂತೇ ಮುಚ್ಚಿಹೋಯಿತು. ಗಾಡಿ ಟ್ರಯಲ್‌ನಿಂದ ವಾಪಸ್ ಬರಲಿಲ್ಲ, ಕಟ್ಟಿ ಎಳೆದು ತಂದೆವು. ಆ ಗಾಡಿಯವರು ಅವತ್ತು ಮಗಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಿತ್ತು. ಇವತ್ತಿಗೂ ಪ್ರತಿ ಶೆಲ್ ಎರಡು ಸಲ ನೋಡಿಯೇ ಹಾಕುತ್ತೇನೆ.

ಎಂಟುನೂರು ದಾವಣಗೆರೆ:
ಇಷ್ಟು ಮನಸ್ಸು ಬಿಚ್ಚಿ ಹೇಳಿದ್ದಕ್ಕೆ ಥ್ಯಾಂಕ್ಸ್ ತಮ್ಮಾ. ನಾನೂ ಎರಡು ಸಲ ನೋಡಿಯೇ ಹಾಕಿದೆ.

ಪ್ಲಾಸ್ಟಿಗೇಜ್ ಇಲ್ಲಿ ಸಿಗಲಿಲ್ಲ, ಬೆಂಗಳೂರಿನ ಜೆ.ಸಿ. ರಸ್ತೆಯಿಂದ ತರಿಸಿದೆ. ನೋಡದವರಿಗಾಗಿ ಹೇಳುತ್ತೇನೆ. ಇದು ಹೊಲಿಗೆ ದಾರದಷ್ಟು ತೆಳು ಮೇಣದ ಕಡ್ಡಿ. ಜರ್ನಲ್ ಮೇಲಿನ ಆಯಿಲ್ ಪೂರ್ತಿ ಒರೆಸಿ, ಸಣ್ಣ ತುಂಡು ಉದ್ದಕ್ಕೆ ಇಟ್ಟು, ಕ್ಯಾಪ್ ಕೂರಿಸಿ ಟಾರ್ಕ್ ರೆಂಚ್‌ನಲ್ಲಿ ಪುಸ್ತಕದಲ್ಲಿ ಹೇಳಿದಷ್ಟು ಬಿಗಿ ಮಾಡಬೇಕು. ಕ್ರ್ಯಾಂಕ್ ಒಂದು ಚೂರೂ ತಿರುಗಿಸಬಾರದು. ಮತ್ತೆ ಬಿಚ್ಚಿದರೆ ಕಡ್ಡಿ ಚಪ್ಪಟೆಯಾಗಿ ಅಂಟಿರುತ್ತದೆ. ಜೊತೆಗೆ ಬಂದ ಕಾಗದದ ಪಟ್ಟಿಯ ಪಕ್ಕ ಇಟ್ಟು ಅಗಲ ನೋಡಬೇಕು. ಅಗಲ ಜಾಸ್ತಿ ಇದ್ದರೆ ಸಂದು ಕಡಿಮೆ.

ಬಿಗ್ ಎಂಡ್ ಮೂರರಲ್ಲೂ 0.04 ಹತ್ತಿರ ಬಂತು. ಮೇನ್‌ನಲ್ಲಿ 0.03ರಿಂದ 0.04. ಹಳೇ ಶೆಲ್ ಹಾಕಿದ್ದಾಗ ಮೂರನೇ ಬಿಗ್ ಎಂಡ್‌ನಲ್ಲಿ ಕಡ್ಡಿ ಸರಿಯಾಗಿ ಚಪ್ಪಟೆ ಕೂಡ ಆಗಿರಲಿಲ್ಲ, 0.10ಕ್ಕೂ ಮೇಲೆ. ಒಂದು ಕೂದಲೆಳೆಯಷ್ಟು ವ್ಯತ್ಯಾಸ! ಅಷ್ಟಕ್ಕೇ ಎಂಜಿನ್ ಬದುಕುವುದೋ ಸಾಯುವುದೋ ತೀರ್ಮಾನ ಆಗುತ್ತದೆ ಅಂತ ಕಣ್ಣಾರೆ ನೋಡಿದ ಮೇಲೆಯೇ ನಂಬಿಕೆ ಬಂದಿದ್ದು.

ಏಪ್ರಿಲ್ ಧೂಳು ಬಹಳ ಕಾಟ ಕೊಟ್ಟಿತು. ಮಧ್ಯಾಹ್ನ ಗಾಳಿ ಎದ್ದರೆ ಪೋರ್ಟಿಕೋದಲ್ಲಿ ಕೆಲಸ ಆಗಲ್ಲ. ಬೆಳಿಗ್ಗೆ ಐದೂವರೆಯಿಂದ ಎಂಟರ ತನಕ ಮಾತ್ರ ಜೋಡಿಸಿದೆವು. ನೆಲಕ್ಕೆ ನೀರು ಚಿಮುಕಿಸಿ, ಒದ್ದೆ ಗೋಣಿಚೀಲ ಹಾಸಿಕೊಂಡು, ಕೆಲಸ ನಿಲ್ಲಿಸಿದಾಗೆಲ್ಲ ಎಂಜಿನ್ ಮೇಲೆ ಪ್ಲಾಸ್ಟಿಕ್ ಶೀಟ್ ಕಟ್ಟಿದೆವು.

ಚೇಂಬರ್ ಕೂರಿಸುವಾಗ ಗಮ್ ಹಾಕಿದ್ದು ಅಕ್ಕಿ ಕಾಳಿನಷ್ಟು ದಪ್ಪದ ಒಂದೇ ಗೆರೆ, ಬೋಲ್ಟ್ ತೂತಿನ ಒಳಪಕ್ಕಕ್ಕೆ. ಬೆರಳಲ್ಲಿ ಹರಡಲಿಲ್ಲ.

ಲೇತ್ ಮನೆ ಹರಿಹರ:
ಒಣ ಪಂಪ್ ಆಯಿಲ್ ಎಳೆಯಲ್ಲ. ರೋಟರ್ ಸುತ್ತ ವ್ಯಾಸಲಿನ್ ತುಂಬಿದ್ದೀರಾ?

ಎಂಟುನೂರು ದಾವಣಗೆರೆ:
ತುಂಬಿದ್ದೇನೆ ಸರ್. ಬೇರಿಂಗ್‌ಗೆಲ್ಲ ಆಯಿಲ್ ಸವರಿಯೇ ಜೋಡಿಸಿದ್ದು. ಫಿಲ್ಟರ್‌ಗೂ ಆಯಿಲ್ ತುಂಬಿ ಹಾಕಿದೆ. 20ಡಬ್ಲ್ಯೂ-40 ಮಿನರಲ್.

ಇವತ್ತು ಸ್ಟಾರ್ಟ್ ಮಾಡಿದೆವು. ಮೊದಲು ಪ್ಲಗ್ ಮೂರೂ ಬಿಚ್ಚಿ, ಕಾಯಿಲ್ ವೈರ್ ತೆಗೆದು, ಸೆಲ್ಫ್ ಮಾತ್ರ ಹೊಡೆದೆ. ಹತ್ತು ಸೆಕೆಂಡ್, ನಿಲ್ಲಿಸು. ಹತ್ತು ಸೆಕೆಂಡ್, ನಿಲ್ಲಿಸು. ಸೂಜಿ ಅಲ್ಲಾಡಲಿಲ್ಲ. ನನ್ನ ಕೈ ಬೆವರುತ್ತಿತ್ತು. ಮೂರನೇ ಸಲ ಸೂಜಿ ಒಮ್ಮೆ ಜಿಗಿದು ನಿಧಾನಕ್ಕೆ 1 ದಾಟಿತು. ಅಪ್ಪಾಜಿ ಆಯಿಲ್ ಹಾಕುವ ಮುಚ್ಚಳ ತೆಗೆದು ಟಾರ್ಚ್ ಬಿಟ್ಟು ನೋಡಿದರು. ರಾಕರ್ ಮೇಲೆ ಆಯಿಲ್ ಹರಿದು ಬರುತ್ತಿದೆ. "ಬಂತು, ಇನ್ನು ಪ್ಲಗ್ ಹಾಕು" ಅಂದರು.

ಎರಡನೇ ಹೊಡೆತಕ್ಕೇ ಸ್ಟಾರ್ಟ್ ಆಯಿತು. ಐಡಲ್‌ಗೆ ಬಿಡದೆ ಎರಡು ಸಾವಿರದ ಹತ್ತಿರ ಸ್ವಲ್ಪ ಹೊತ್ತು ಹಿಡಿದೆ. ಚೆನ್ನಾಗಿ ಬಿಸಿಯಾದ ಮೇಲೆ ಐಡಲ್ 1.4 ಕೆಜಿ, ಮೂರು ಸಾವಿರಕ್ಕೆ 3.6. ಸೂಜಿ ನಡುಗುತ್ತಿಲ್ಲ.

ಹೊನ್ನಾಳಿ ಟ್ರ್ಯಾಕ್ಟರ್:
ಅಣ್ಣಾ ಓದಿ ಕಣ್ಣಲ್ಲಿ ನೀರು ಬಂತು. ಅಪ್ಪಾಜಿಯವರು ನೂರು ವರ್ಷ ಬಾಳಲಿ.

ಎಂಟುನೂರು ದಾವಣಗೆರೆ:
ಮತ್ತೆ ಬಂದೆ. ಕತೆ ಮುಗಿದಿಲ್ಲ.

ಇನ್ನೂರು ಕಿಲೋಮೀಟರ್ ಓಡಿತು, ಎಲ್ಲ ಚೆನ್ನಾಗಿತ್ತು. ನಿನ್ನೆ ಬಿಸಿ ಐಡಲ್ 1.0. ಇವತ್ತು 0.8. ಲೈಟ್ ಬಂದಿಲ್ಲ, ಆದರೆ ಗೇಜ್ ಸುಳ್ಳು ಹೇಳಲ್ಲ. ರಾತ್ರಿಯೆಲ್ಲ ನಿದ್ದೆ ಇಲ್ಲ. ಗ್ರೈಂಡಿಂಗ್ ಪುಡಿ ಎಲ್ಲೋ ಉಳಿಯಿತಾ, ಬೇರಿಂಗ್ ಮತ್ತೆ ಹೋಗುತ್ತಿದೆಯಾ ಅಂತ.

ಫಿಸಿಕ್ಸ್ ಮೇಡಂ ಚಿತ್ರದುರ್ಗ:
ಗಾಬರಿ ಬೇಡ. ಸದ್ದು ಬಂದಿದೆಯಾ? ಡಿಪ್‌ಸ್ಟಿಕ್ ಏನು ಹೇಳುತ್ತದೆ?

ಎಂಟುನೂರು ದಾವಣಗೆರೆ:
ಸದ್ದಿಲ್ಲ. ಡಿಪ್‌ಸ್ಟಿಕ್ ನೋಡಿ ಇನ್ನೂ ಗೊಂದಲ ಆಯಿತು. ಫುಲ್ ಗೆರೆಯ ತನಕ ಹಾಕಿದ್ದೆ. ಈಗ ಗೆರೆಗಿಂತ ಅರ್ಧ ಬೆರಳು ಮೇಲಿದೆ. ಆಯಿಲ್ ಕಡಿಮೆ ಆಗುವುದು ಕೇಳಿದ್ದೇನೆ, ಜಾಸ್ತಿ ಆಗುವುದು ಹೇಗೆ?

ಗ್ಯಾರೇಜ್ ಹುಡುಗ:
ಸರ್, ಡಿಪ್‌ಸ್ಟಿಕ್ ಮೂಸಿ ನೋಡಿ! ಪೆಟ್ರೋಲ್ ವಾಸನೆ ಬರುತ್ತಾ? ಕಾರ್ಬುರೇಟರ್ 800ರಲ್ಲಿ ಪೆಟ್ರೋಲ್ ಪಂಪ್ ಮೆಕ್ಯಾನಿಕಲ್, ಕ್ಯಾಮ್ ಶಾಫ್ಟ್ ಒದ್ದು ನಡೆಸುತ್ತದೆ. ಅದರೊಳಗಿನ ಡಯಾಫ್ರಾಮ್ ಹರಿದರೆ ಪೆಟ್ರೋಲ್ ನೇರ ಎಂಜಿನ್ ಒಳಗೆ ಇಳಿದು ಆಯಿಲ್ ಜೊತೆ ಸೇರುತ್ತದೆ. ಆಯಿಲ್ ತೆಳ್ಳಗಾಗಿ ಪ್ರೆಶರ್ ಬೀಳುತ್ತದೆ. ಬೆಂಕಿ ಕಡ್ಡಿ ಹಚ್ಚಿ ಪರೀಕ್ಷೆ ಮಾಡಬೇಡಿ, ಕೆಲವರು ಮಾಡುತ್ತಾರೆ. ಮೂಗೇ ಸಾಕು. ಗಾಡಿ ಸ್ಟಾರ್ಟ್ ಕೂಡ ಮಾಡಬೇಡಿ.

ಎಂಟುನೂರು ದಾವಣಗೆರೆ:
ತಮ್ಮಾ, ನೂರಕ್ಕೆ ನೂರು ಸರಿ. ಮೂಸಿದರೆ ಪೆಟ್ರೋಲ್ ಘಾಟು. ಪಂಪ್ ಬಿಚ್ಚಿ ಕೈಯಲ್ಲಿ ಹಿಡಿದು ಲಿವರ್ ಒತ್ತಿದರೆ ಕೆಳಗಿನಿಂದ ಪೆಟ್ರೋಲ್ ತೊಟ್ಟಿಕ್ಕುತ್ತದೆ. ಆ ಪಂಪ್ ಗಾಡಿ ತಗೊಂಡಾಗಿನಿಂದ ಬದಲಾಗಿಲ್ಲ. ಎಂಜಿನ್ ಪೂರ್ತಿ ಬಿಚ್ಚಿ ಒರೆಸಿ ಜೋಡಿಸಿದೆವು, ಅದೊಂದನ್ನು ಮಾತ್ರ ಹಳೆಯದೇ ಇರಲಿ ಅಂತ ಹಾಗೇ ಹಾಕಿದ್ದೆ.

ಹೊಸ ಪಂಪ್ ಹಾಕಿದೆ. ಆಯಿಲ್, ಫಿಲ್ಟರ್ ಮತ್ತೆ ಬದಲಾಯಿಸಿದೆ. ಇಳಿಸಿದ ಆಯಿಲ್ ಸೋಸಿ ನೋಡಿದೆ, ಲೋಹದ ಹೊಳಪು ಇಲ್ಲ. ಫಿಲ್ಟರ್ ಕತ್ತರಿಸಿ ಒಳಗಿನ ಕಾಗದ ಬಿಡಿಸಿ ಬಿಸಿಲಿಗೆ ಹಿಡಿದೆ, ಅಲ್ಲೂ ಇಲ್ಲ. ಬೇರಿಂಗ್ ಉಳಿದಿದೆ. ಹಳೇ ಆಯಿಲ್ ಚರಂಡಿಗೆ ಬಿಡಲಿಲ್ಲ, ಕ್ಯಾನ್‌ನಲ್ಲಿ ತುಂಬಿ ಸಂಗ್ರಹ ಮಾಡುವವರಿಗೆ ಕೊಟ್ಟೆ.

ಲೇತ್ ಮನೆ ಹರಿಹರ:
ಗೇಜ್ ಇಲ್ಲದಿದ್ದರೆ ಲೈಟ್ ಬರುವ ತನಕ ಓಡಿಸುತ್ತಿದ್ದಿರಿ. ಅಷ್ಟು ಹೊತ್ತಿಗೆ ಹೊಸ ಶೆಲ್ ತಾಮ್ರ ಕಾಣುತ್ತಿತ್ತು. 500 ಕಿಲೋಮೀಟರ್‌ಗೆ ಇನ್ನೊಮ್ಮೆ ಆಯಿಲ್ ಬದಲಾಯಿಸಿ. ಗೇಜ್ ಬಿಚ್ಚಬೇಡಿ, ಅಲ್ಲೇ ಇರಲಿ.

ಎಂಟುನೂರು ದಾವಣಗೆರೆ:
ನಿನ್ನೆ ಅಪ್ಪಾಜಿಯನ್ನು ಕೂರಿಸಿಕೊಂಡು ಚಿತ್ರದುರ್ಗಕ್ಕೆ ಹೋಗಿಬಂದೆ. ಹೆದ್ದಾರಿಯಲ್ಲಿ ಅರವತ್ತು ಕಿಲೋಮೀಟರ್. ಭರಮಸಾಗರದಲ್ಲಿ ನಿಲ್ಲಿಸಿ ಐಡಲ್ ನೋಡಿದೆ, 1.4. ದುರ್ಗದಲ್ಲಿ ಬಿಸಿಲು ಕಲ್ಲಿನ ಮೇಲೆ ಕುದಿಯುತ್ತಿತ್ತು. ಕೋಟೆ ಬಾಗಿಲ ಹತ್ತಿರ ಮತ್ತೆ ನೋಡಿದೆ, 1.3. ಮೇಡಂ ಮನೆಯಲ್ಲಿ ಊಟ ಮಾಡಿದೆವು. ಅವರು ಬಾನೆಟ್ ಎತ್ತಿಸಿ, ಆಕ್ಸಿಲರೇಟರ್ ಕೊಡಿಸಿ, ಸೂಜಿ ಏರಿ ನಿಲ್ಲುವುದನ್ನು ತಾವೇ ನೋಡಿದರು. ವಾಪಸ್ ಬರುವಾಗ ಅಪ್ಪಾಜಿ ದಾರಿಯುದ್ದಕ್ಕೂ ಗೇಜ್ ಮೇಲೇ ಕಣ್ಣಿಟ್ಟು ಕೂತಿದ್ದರು. ಬಾಡ ಕ್ರಾಸ್ ದಾಟಿದ ಮೇಲೆ ನಿದ್ದೆ ಹೋದರು.

ಗ್ಯಾರೇಜ್ ಹುಡುಗ:
ಸರ್, ಒಂದು ಸಹಾಯ ಬೇಕಿತ್ತು. ನನ್ನ ಹತ್ತಿರ ಒಂದು ಓಮ್ನಿ ಬಂದಿದೆ, ಬಿಸಿಯಾದರೆ ಲೈಟ್ ಮಿಣುಕುತ್ತದೆ. ಗಾಡಿಯವರು ದಪ್ಪ ಆಯಿಲ್ ಹಾಕಿಕೊಡು ಅಂತಿದ್ದಾರೆ. ನಾನು ಒಂದು ವಾರ ಟೈಮ್ ಕೇಳಿದ್ದೇನೆ. ನಿಮ್ಮ ಗೇಜ್ ಸಿಗುತ್ತಾ?

ಎಂಟುನೂರು ದಾವಣಗೆರೆ:
ನನ್ನ ಗಾಡಿದು ಬಿಚ್ಚಲ್ಲ ತಮ್ಮಾ, ಹರಿಹರದ ಸರ್ ಬೈಯುತ್ತಾರೆ. ಆದರೆ ನಿನಗೋಸ್ಕರ ಅಡಾಪ್ಟರ್ ಸಮೇತ ಇನ್ನೊಂದು ತರಿಸುತ್ತೇನೆ. ಪ್ಲಾಸ್ಟಿಗೇಜ್ ಕೂಡ ನಾಲ್ಕು ತುಂಡು ಉಳಿದಿದೆ. ಶನಿವಾರ ಸಂಜೆ ಓಮ್ನಿ ಬಿಸಿ ಮಾಡಿಕೊಂಡೇ ಮನೆ ಹತ್ತಿರ ಬಾ. ಬರುವಾಗ ನಿಧಾನಕ್ಕೆ ಬಾ. ಅಪ್ಪಾಜಿ ಆಗಲೇ ಡಬ್ಬಿ ತೊಳೆದಿಡುತ್ತಿದ್ದಾರೆ.